ಮೂವತ್ತು ಟೋಕನ್‌ಗಳ ಕಾವಲು

ಜಯತೀರ್ಥ ಮನುಷ್ಯರಿಗಿಂತ ನಿಯಮವನ್ನು ಹೆಚ್ಚು ನಂಬುವವ. ಕನಿಕರ ಅವನಲ್ಲಿಲ್ಲ, ಇದೆಯೆಂದು ತೋರಿಸಿಕೊಳ್ಳುವವನೂ ಅಲ್ಲ. ಸವಣೂರಿನ ತನ್ನ ಮನೆಯ ಮುಂದಿನ ಕೋಣೆಯಲ್ಲಿ ಕುಳಿತು ಸುತ್ತಲಿನ ಅಂಗಡಿ, ಕಾಲೇಜುಗಳ ವೆಬ್‌ಸೈಟ್ ನೋಡಿಕೊಳ್ಳುತ್ತಾನೆ.

ಶಿಗ್ಗಾಂವದ ಒಂದು ಕಣ್ಣಿನ ಆಸ್ಪತ್ರೆಯ ವೆಬ್‌ಸೈಟೂ ಅವನ ಕೈಯಲ್ಲೇ ಇದೆ. ಪೊರೆ ತೆಗೆಯುವ ಡಾಕ್ಟರು ಹುಬ್ಬಳ್ಳಿಯಿಂದ ತಿಂಗಳಿಗೊಮ್ಮೆ ಅಲ್ಲಿಗೆ ಬರುತ್ತಾರೆ. ಮೂವತ್ತೇ ಟೋಕನ್, ಮೊದಲ ಸೋಮವಾರ ಬೆಳಿಗ್ಗೆ ಹತ್ತಕ್ಕೆ ವೆಬ್‌ಸೈಟಿನಲ್ಲಿ ಬಿಡುತ್ತಾರೆ. ಹೋದ ವರ್ಷ ದಲ್ಲಾಳಿಗಳು ತಾನಾಗಿ ಅರ್ಜಿ ತುಂಬುವ ಬಾಟ್ ಹಚ್ಚಿ, ಮೂವತ್ತನ್ನೂ ಬಾಚಿಕೊಂಡು ಬಸ್ ನಿಲ್ದಾಣದಲ್ಲಿ ಮಾರಿದರು. ಆಗ ಜಯತೀರ್ಥ ಪುಟದೊಳಗೆ ಒಂದು ಸ್ಕ್ರಿಪ್ಟ್ ಬರೆದಿಟ್ಟ. ಅರ್ಜಿ ತುಂಬುವವರ ಬ್ರೌಸರಿನಲ್ಲೇ ಅದು ಓಡುತ್ತದೆ. ಒಂದೊಂದು ಕಾಲಮಿಗೂ ತೆರೆಯ ಮೇಲೆ ಬೆರಳು ಆಡಿತೇ, ಮೌಸ್ ಅಲುಗಿತೇ ಎಂದು ನೋಡುತ್ತದೆ. ಎರಡೂ ಇಲ್ಲದೆ ಅರ್ಧ ನಿಮಿಷದೊಳಗೆ ಅರ್ಜಿ ತುಂಬಿದರೆ, ಬಾಟ್ ಎಂದು ಹೊರಗೆ ಹಾಕುತ್ತದೆ. ದಲ್ಲಾಳಿಗಳ ಆಟ ನಿಂತಿತು.

ಅದರೊಂದಿಗೆ, ಅದೇ ಊರಲ್ಲಿ ಓಣಿಯವರ ಅರ್ಜಿ ತುಂಬಿಕೊಡುವ ಚಾಂದಬಿಯೂ ಹೊರಗೆ ಬಿದ್ದಳು. ಇಪ್ಪತ್ತೆರಡು ವರ್ಷ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಟೈಪ್ ಮಾಡಿದವಳು ಅವಳು. ಕೈ ಕೀಬೋರ್ಡ್ ಬಿಡುವುದಿಲ್ಲ. ಟ್ಯಾಬ್ ಒತ್ತುತ್ತಲೇ ಕಾಲಮಿನಿಂದ ಕಾಲಮಿಗೆ ಹಾರುತ್ತಾಳೆ. ಓಣಿಯ ಮುದುಕಿಯರ ಆಧಾರ್ ನಂಬರುಗಳೆಲ್ಲ ಅವಳಿಗೆ ಬಾಯಿಪಾಠ. ಒಂದು ಅರ್ಜಿಗೆ ಹನ್ನೆರಡು ಸೆಕೆಂಡು. ನೆರೆಮನೆಯ ಹಾಜರಾಬಿಯ ಅರ್ಜಿ ಎರಡು ತಿಂಗಳು ಹೀಗೆ ತಿರುಗಿ ಬಂತು. ಹಾಜರಾಬಿಗೆ ಒಂದು ಕಣ್ಣು ಆಗಲೇ ಹೋಗಿದೆ. ಇನ್ನೊಂದರ ಆಪರೇಷನ್ ಮುಂದೆ ಹಾಕಬೇಡಿ ಎಂದು ಡಾಕ್ಟರು ಹೇಳಿದ್ದರು.

ಚಾಂದಬಿ ಅವನ ಕೋಣೆಗೇ ಬಂದಳು.

“ನಾ ಮಷೀನ್ ಆಗೇನೇನೋ, ಜಯತೀರ್ಥ?”

“ಸ್ಕ್ರಿಪ್ಟಿಗೆ ಹಂಗ ಕಾಣ್ತೀರಿ, ಅಕ್ಕಾರ. ಮೌಸ್ ಹಿಡೀರಿ, ಇಲ್ಲಾಂದ್ರ ಸಾವಕಾಶ ತುಂಬ್ರಿ.”

“ಮೌಸ್ ಹಿಡದ್ರ ನನ್ನ ಕೈ ಹಾದಿ ತಪ್ಪತೈತಿ. ಸಾವಕಾಶ ತುಂಬಿದ್ರ ಟೋಕನ್ ಉಳೀತಾವೇನು?”

ಅವಳಿಗಾಗಿ ಸ್ಕ್ರಿಪ್ಟಿನಲ್ಲಿ ಕಂಡಿ ಬಿಟ್ಟರೆ ಅದೇ ಕಂಡಿಯಲ್ಲಿ ದಲ್ಲಾಳಿಗಳೂ ನುಗ್ಗುತ್ತಾರೆ ಎಂದ. ಒಂದು ಟೋಕನ್ ತೆಗೆದಿಡು ಎಂದದ್ದಕ್ಕೆ, ಸ್ವಂತ ಚಿಕ್ಕಮ್ಮ ಪದ್ಮಾಬಾಯಿಗೇ ತೆಗೆದಿಟ್ಟಿಲ್ಲ ಎಂದ. ಅದು ನಿಜ. ಪದ್ಮಾಬಾಯಿ ಇಂದಿಗೂ ಅವನ ಮನೆಯ ಮೆಟ್ಟಿಲು ಹತ್ತುವುದಿಲ್ಲ.

“ಕಲ್ಲಿಗಾದ್ರೂ ನೆರಳಿರತೈತಿ,” ಎಂದು ಚಾಂದಬಿ ಎದ್ದು ಹೋದಳು.

ಮುಂದಿನ ಮೊದಲ ಸೋಮವಾರ ಹತ್ತಕ್ಕೆ ಹತ್ತು ನಿಮಿಷವಿರುವಾಗ ಜಯತೀರ್ಥ ಅವಳ ಮನೆಗೆ ಬಂದ. ಚಪ್ಪಲಿ ಬಿಟ್ಟ. ಜೇಬಿನಿಂದ ಒಂದು ಮೌಸ್ ತೆಗೆದು ಅವಳ ಕಂಪ್ಯೂಟರಿಗೆ ಸಿಕ್ಕಿಸಿದ. ಸ್ಟೂಲ್ ಎಳೆದುಕೊಂಡು ಬಲಗಡೆ ಕುಳಿತ. ಚಾಂದಬಿ ಅವನ ಮುಖ ನೋಡಿದಳು. ಅವನು ಗಡಿಯಾರ ನೋಡಿದ.

ಹತ್ತಾಯಿತು. ಚಾಂದಬಿಯ ಹತ್ತೂ ಬೆರಳು ಓಡಿದವು. ಅವನು ಮೇಜಿನ ಅಂಚಿನಲ್ಲಿ ಮೌಸನ್ನು ಅತ್ತಿತ್ತ ಆಡಿಸುತ್ತಿದ್ದ, ಹಸುಗೂಸಿನ ತೊಟ್ಟಿಲು ತೂಗುವವನ ಹಾಗೆ.

ಹಾಜರಾಬಿಗೆ ನಾಲ್ಕನೆಯ ಟೋಕನ್ ಬಂತು. ಚಾಂದಬಿ ಕುರ್ಚಿಗೆ ಒರಗಿದಳು. ಅವನು ಮೌಸ್ ಬಿಡಲಿಲ್ಲ.

“ಓಣ್ಯಾಗ ಮುಂದಿನವರು ಯಾರ್ರಿ, ಅಕ್ಕಾರ? ಲಗೂನ ಹೊಡೀರಿ.”