ಮೇಕೆ ತಿಂದ ಎಲೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದನ್ನು ಯಾರೂ ಒಳ್ಳೆಯ ಗುಣ ಅಂದಿಲ್ಲ. ಆದರೆ ಒಂದು ಸಾಫ್ಟ್‌ವೇರ್ ಲೈಬ್ರರಿಯನ್ನು ಮೂಲ ಕೋಡಿನಿಂದ ಕಂಪೈಲ್ ಮಾಡಿ ಕೂರಿಸಿದ್ದು ನನ್ನ ಓದಿನಿಂದಲ್ಲ, ಆ ಸಿಟ್ಟಿನಿಂದಲೇ.

ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಜೆರಾಕ್ಸ್, ಡಿಟಿಪಿ ಅಂಗಡಿ. ತವರು ಹಿಂದೂಪುರ. ಅಲ್ಲಿ ಅಪ್ಪ ಕರೆಂಟ್ ಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತಾರೆ. ಅವರ ಸೀರೆಗೆ ಒಂದು ಗುರುತಿತ್ತು: ಅಂಚಿನುದ್ದಕ್ಕೂ ಹುಣಸೆ ಎಲೆಯ ಕಡ್ಡಿಗಳು, ಪ್ರತಿ ಕಡ್ಡಿಯ ತುದಿಯಲ್ಲಿ ಒಂದು ಎಲೆ ಮಾತ್ರ ಇಲ್ಲ. ಮದುವೆಗೆ ಮುಂಚೆ ಯಾವಾಗಲೋ ಹುಣಸೆ ಮಂಡಿಯ ದಾರಿಯಲ್ಲಿ ಮುರಿದು ತಂದ ಕೊಂಬೆ ನೋಡಿ ಗ್ರಾಫ್ ಹಾಳೆಯ ಮೇಲೆ ಚೌಕ ಚೌಕವಾಗಿ ಬರೆದದ್ದಂತೆ. ಆ ಒಂದು ಎಲೆಯನ್ನು ಮೇಕೆ ತಿಂದಿತ್ತು. ಅಪ್ಪ ಇದ್ದದ್ದನ್ನು ಇದ್ದ ಹಾಗೆ ಬರೆದರು. ನಮ್ಮ ಬೀದಿಯಲ್ಲಿ ಅದಕ್ಕೆ ‘ಮೇಕೆ ತಿಂದ ಅಂಚು’ ಎಂದೇ ಹೆಸರು.

ಅಂಚಿನ ಹೂವು ಎತ್ತಲು ಮಗ್ಗದ ಮೇಲೆ ಕೂರಿಸುವ, ತೂತು ಹೊಡೆದ ರಟ್ಟುಗಳಿಂದ ನಡೆಯುತ್ತಿದ್ದ ಜಾಕಾರ್ಡ್ ಯಂತ್ರ ಹೋಗಿ ಕಂಪ್ಯೂಟರಿನ ಜಾಕಾರ್ಡ್ ಬಂದಾಗ, ಡಿಸೈನ್ ಅಂಗಡಿಯವನೊಬ್ಬ ಆ ಹಾಳೆಯನ್ನು ತನ್ನ ಸಾಫ್ಟ್‌ವೇರಿಗೆ ಹಾಕಿಕೊಟ್ಟ. ಹಾಕುವಾಗ ಒಂದು ಎಲೆ ಬಿಟ್ಟುಹೋಗಿದೆ ಎಂದುಕೊಂಡು ತಾನೇ ತುಂಬಿಸಿದ. ಅಪ್ಪ ಕೇಳಿದ್ದಕ್ಕೆ, ಫೈಲಿಗೆ ಬೀಗ ಬಿದ್ದಿದೆ, ಇನ್ನು ಬದಲಾಯಿಸಲು ಬರುವುದಿಲ್ಲ ಅಂದುಬಿಟ್ಟ. ಗ್ರಾಫ್ ಹಾಳೆಯನ್ನು ಆಮೇಲೆ ಗೆದ್ದಲು ತಿಂದಿತು. ಅಲ್ಲಿಂದ ಮುಂದೆ ಅಪ್ಪ ಆ ಬೇರೆಯವನ ಎಲೆಯನ್ನು ಸೇರಿಸಿಕೊಂಡೇ ನೇಯ್ದರು. ಒಮ್ಮೆಯೂ ಅದರ ಮಾತೆತ್ತಲಿಲ್ಲ. ಮಾತೆತ್ತದಿದ್ದುದೇ ನನ್ನ ಹೊಟ್ಟೆ ಉರಿಸುತ್ತಿತ್ತು.

ಈಚೆಗೆ ಕರೆಂಟಿನ ಏರಿಳಿತಕ್ಕೆ ಮಗ್ಗದ ಮೇಲಿನ ಕಂಪ್ಯೂಟರ್ ಪೆಟ್ಟಿಗೆ ಸುಟ್ಟಿತು. ಹೊಸ ಪೆಟ್ಟಿಗೆ ಮಾಮೂಲಿ ಚಿತ್ರದ ಫೈಲನ್ನು ಮಾತ್ರ ಓದುತ್ತದೆ, ಅಪ್ಪನ ಹಳೆಯ ಫೈಲನ್ನು ಮುಟ್ಟುವುದಿಲ್ಲ. ಹಳೆಯ ಸಾಫ್ಟ್‌ವೇರ್ ನಿಂತುಹೋಗಿದೆ, ತನ್ನ ಆಲ್ಬಮ್ಮಿನಲ್ಲಿ ಬೇರೆ ಅಂಚು ಆರಿಸಿಕೊಳ್ಳಿ ಎಂದ ಡಿಸೈನ್ ಅಂಗಡಿಯವನು.

ಅಪ್ಪ ನನಗೆ ಫೋನ್ ಮಾಡಿದರು. “ಇನ್ನೊಬ್ಬರ ಹೂವ ನೇಯೋಕೆ ನಾನ್ಯಾಕೆ ಕೂರ್ಲಿ? ಮಗ್ಗ ಬಿಚ್ಬುಡ್ತೀನಿ ಕಣಮ್ಮ.”

ಕೂಗಾಡಿದ್ದರೆ ನನಗೆ ಭಯವಾಗುತ್ತಿರಲಿಲ್ಲ. ಹಾಲು ಒಡೆದಿದೆ ಅನ್ನುವಷ್ಟು ಸಲೀಸಾಗಿ ಹೇಳಿದರು.

ನಾನು ಡಿಸೈನ್ ಅಂಗಡಿಯವನಿಗೆ ಫೋನ್ ಹಚ್ಚಿದೆ. ಆ ಫೈಲನ್ನು ಬೇರೆ ಯಾವ ದಾರಿಯಿಂದಲಾದರೂ ತೆರೆಯಬಹುದೇ ಎಂದು ಮರ್ಯಾದೆಯಿಂದಲೇ ಕೇಳಿದೆ. “ಅದಿ ಅಯ್ಯೇ ಪನಿ ಕಾದಮ್ಮಾ,” ಆಗದ ಕೆಲಸ ಅಂದ. ಅಷ್ಟಕ್ಕೆ ನಿಲ್ಲಿಸಿದ್ದರೆ ಸುಮ್ಮನಿರುತ್ತಿದ್ದೆನೇನೋ. “ಜೆರಾಕ್ಸ್ ತೆಗೆಯೋರ್ಗೆ ಇದೆಲ್ಲ ಯಾಕಮ್ಮ?” ಎಂದು ನಕ್ಕ.

ಸರಿ, ನೋಡೇಬಿಡೋಣ ಅಂದುಕೊಂಡೆ. ಕುಂದುರ್ಪಿ ಬಸ್ಸಿನಿಂದ ಇಳಿದು ಬಂದವರ ಆಧಾರ್ ನಕಲು ತೆಗೆಯುತ್ತಲೇ ಮೂರು ದಿನ ಹುಡುಕಿದೆ. ಯಾವ ದೇಶದವರೋ, ಗಂಡಸೋ ಹೆಂಗಸೋ ಗೊತ್ತಿಲ್ಲ, ಇದೇ ಬಗೆಯ ಫೈಲನ್ನು ಬಿಡಿಸಿ ನೋಡಿ, ಅದನ್ನು ಓದಿ ಮಾಮೂಲಿ ಚಿತ್ರ ಮಾಡಿಕೊಡುವ ಲೈಬ್ರರಿಯೊಂದನ್ನು ಬರೆದು, ಕೋಡನ್ನು ಎಲ್ಲರೂ ನೋಡಲಿ ಎಂದು ಇಟ್ಟಿದ್ದರು. ತಯಾರು ಪ್ರೋಗ್ರಾಂ ಮಾತ್ರ ಇರಲಿಲ್ಲ. ಕೋಡ್ ತಂದು ನಮ್ಮ ಕಂಪ್ಯೂಟರಿನಲ್ಲಿ ನಾವೇ ಕಂಪೈಲ್ ಮಾಡಿ, ಅಂದರೆ ಓಡುವ ಪ್ರೋಗ್ರಾಂ ಆಗಿ ಕಟ್ಟಿಕೊಳ್ಳಬೇಕು. ಅಪ್ಪನಿಗೆ ಹೇಳಿದೆ.

“ಅಂದ್ರೆ ಗ್ರಾಫ್ ಕೊಟ್ಟವ್ರೆ, ಸೀರೆ ಕೊಟ್ಟಿಲ್ಲ,” ಅಂದರು ಅಪ್ಪ.

ನಾನು ಅದಕ್ಕಿಂತ ಚೆನ್ನಾಗಿ ಹೇಳಲಾರೆ.

ಅಮಾವಾಸ್ಯೆಯ ದಿನ ಅಂಗಡಿಯ ಲ್ಯಾಪ್‌ಟಾಪ್ ಹಿಡಿದು ಬೆಳಗಿನ ಬಸ್ಸಿಗೆ ಹಿಂದೂಪುರಕ್ಕೆ ಹೋದೆ. ಅವತ್ತು ನಮ್ಮ ಬೀದಿಯಲ್ಲಿ ಮಗ್ಗಗಳೆಲ್ಲ ನಿಲ್ಲುತ್ತವೆ, ಕರೆಂಟೂ ಸ್ಥಿರವಾಗಿರುತ್ತದೆ. ಆದರೆ ಅಪ್ಪ ಅಡ್ಡ ನಿಂತರು. “ಅಮಾಸೆ ದಿನ ಹೊಸ ಕೆಲ್ಸ ಸುರು ಮಾಡಬ್ಯಾಡ.”

ಅಮ್ಮ ಸೊಪ್ಪು ಸೋಸುತ್ತಿದ್ದಳು. ಮಗ್ಗದ ಉದ್ದೆಳೆಗಳ ಹಳೆಯ ಹಾಸು ಮುಗಿಯುವಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆ ಕೂಡಿಸಿ ಹೊಸೆಯುವುದು ನಮ್ಮ ಮನೆಯಲ್ಲಿ ಅವಳ ಕೆಲಸ, ಸಾವಿರಾರು ಎಳೆ. ತಲೆ ಎತ್ತದೆ ಅಂದಳು: “ಇದೇನ್ ಹೊಸ್ದಾ? ಹರಿದಿದ್ದ ಕೂಡ್ಸೋದು. ಕೂಡ್ಸೋಕೆ ಯಾವ ಅಮಾಸೆ?”

ಅಪ್ಪ ಪಕ್ಕಕ್ಕೆ ಸರಿದರು. ನಾನು ಕೂತೆ.

ಕಂಪೈಲ್ ಶುರು ಮಾಡಿದ ಕೂಡಲೇ ಪರದೆಯ ತುಂಬ ತಪ್ಪುಗಳು ಸುರಿದವು. ಕೊನೆಯ ತಪ್ಪು ಕಣ್ಣೆದುರಿಗಿತ್ತು, ಅದನ್ನೇ ಹಿಡಿದೆ. ಕೋಡಿನ ಆ ಸಾಲನ್ನು ತೆಗೆದುಹಾಕಿದೆ. ತಪ್ಪುಗಳು ಹೆಚ್ಚಾದವು. ಇನ್ನೊಂದು ಸಾಲು ತೆಗೆದೆ, ಇನ್ನೂ ಹೆಚ್ಚಾದವು. ಮಧ್ಯಾಹ್ನದ ಮುದ್ದೆ ಆರಿ ಕಲ್ಲಾಯಿತು. ಆ ಅಂಗಡಿಯವನ ನಗು ಕಿವಿಯಲ್ಲೇ ಇತ್ತು, ಕಣ್ಣಲ್ಲಿ ನೀರೂ ಬಂತು. ಅತ್ತೆ ಅಂತ ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಅಮ್ಮ ಹಿಂದೆ ಬಂದು ನಿಂತಳು. ಅವಳಿಗೆ ಇಂಗ್ಲಿಷ್ ಅಕ್ಷರ ಬಾರದು.

“ಯಾವ್ದ ಹಿಡ್ಕಂಡಿದೀಯೇ?”

“ಕೊನೇದು.”

“ಕೊನೇದ ಯಾಕೆ? ಒಂದು ಎಳೆ ತಪ್ಪಿ ಕೂಡ್ಸಿದ್ರೆ ಅಲ್ಲಿಂದಾಚೆಗೆ ಎಲ್ಲಾ ತಪ್ಪೇ ಕಾಣ್ತೈತೆ. ಅವೆಲ್ಲ ತಪ್ಪಲ್ಲ. ಮೊದ್ಲು ಎಲ್ಲಿ ತಪ್ತು, ಅಲ್ಲಿಗೆ ಹೋಗು.”

ಚಿಕ್ಕಂದಿನಿಂದ ಅವಳ ಪಕ್ಕದಲ್ಲಿ ಕೂತು ಎಳೆ ಹಿಡಿದುಕೊಟ್ಟವಳು ನಾನು. ಆದರೂ ತಳದಿಂದ ಬಿಚ್ಚಲು ಹೋಗಿದ್ದೆ. ತೆಗೆದ ಸಾಲುಗಳನ್ನೆಲ್ಲ ವಾಪಸ್ ಇಟ್ಟು, ಮತ್ತೆ ಓಡಿಸಿ, ಮೇಲೆ ಮೇಲೆ ಸರಿಸಿಕೊಂಡು ಮೊಟ್ಟಮೊದಲ ತಪ್ಪಿಗೆ ಹೋದೆ. ಒಂದು ಫೈಲ್ ಸಿಗುತ್ತಿಲ್ಲ ಎಂದಿತ್ತು, ಅಷ್ಟೇ. ಈ ಲೈಬ್ರರಿಗೆ ಬೇಕಾದ ಇನ್ನೊಂದು ಪುಟ್ಟ ಲೈಬ್ರರಿಯ ಭಾಗವದು. ಫೋನಿನ ನೆಟ್ಟಿನಿಂದ ಇಳಿಸಿ ಹಾಕಿದೆ. ಈ ಸಲ ಸಾಲುಗಳು ಎಲ್ಲೂ ನಿಲ್ಲದೆ ಓಡಿದವು. ಅಮ್ಮ ಮುದ್ದೆಯನ್ನು ಬಿಸಿ ಮಾಡಲು ಹೋದಳು. ಕಂಪೈಲ್ ಮುಗಿದು ಪರದೆ ನಿಂತಾಗ ಇನ್‌ಸ್ಟಾಲ್ ಮಾಡಿ, ಅದಕ್ಕೆ ಅಪ್ಪನ ಫೈಲನ್ನು ಕೊಟ್ಟೆ.

ಪರದೆಯ ಮೇಲೆ ಹುಣಸೆ ಕಡ್ಡಿ ಬಂತು. ಅಪ್ಪ ಕನ್ನಡಕ ಏರಿಸಿ ನೋಡಿದರು. ಆಮೇಲೆ ತುದಿಯ ಎಲೆಯ ಮೇಲೆ ಬೆರಳಿಟ್ಟರು.

“ಇದ್ನ ತೆಗೆಯಾಕೆ ಆಯ್ತದಾ?”

“ಆಗುತ್ತಪ್ಪ.”

“ನಿಜವಾಗ್ಲೂ?”

ಅಷ್ಟು ವರ್ಷ ನುಂಗಿಕೊಂಡಿದ್ದದ್ದು ಆ ಒಂದು ಮಾತಿನಲ್ಲಿತ್ತು. ಒಂದೊಂದೇ ಚೌಕ ಖಾಲಿ ಮಾಡಿದೆ. ಅಪ್ಪ ಬೆರಳು ತೆಗೆಯದೆ ಇದ್ದುದರಿಂದ ಅವರ ಉಗುರಿನ ಸುತ್ತ ನೋಡಿಕೊಂಡು ಮಾಡಬೇಕಾಯಿತು.

ಹೊಸ ಅಂಚಿನ ಮೊದಲ ಸೀರೆ ಮಗ್ಗದ ಮೇಲಿದ್ದಾಗ ನಾನೂ ತವರಲ್ಲಿದ್ದೆ. ಸುದ್ದಿ ಕೇಳಿ ಡಿಸೈನ್ ಅಂಗಡಿಯವನು ಬಂದ. ಬಗ್ಗಿ ಅಂಚು ಪರೀಕ್ಷಿಸಿದ, ಮುಖ ಅರಳಿತು. “ನಾನೇಳ್ಲಿಲ್ವಾ? ಕಂಡೋರ ಸಾಫ್ಟ್‌ವೇರ್ ಹಾಕಿ ಫೈಲ್ ಕೆಡಿಸ್ಕಂಡಿದೀರಿ. ನೋಡಿ, ಒಂದು ಎಲೆನೇ ಹೋಗೈತೆ.”

ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಕೈ ಅಡ್ಡ ಹಿಡಿದರು. ಮಗ್ಗ ನಿಲ್ಲಿಸಲೂ ಇಲ್ಲ.

“ಹೋಗಿಲ್ಲ ಕಣಪ್ಪ. ನೀನು ಇಟ್ಟಿದ್ದ ಎಲೆ ತಗ್ದಾಕಿದೀವಿ, ಅಷ್ಟೇಯ.”