ನಾಲ್ಕನೇ ನಂಬರಿನವರ ಫೋನು

ನಾನು ಮೂಡುಬಿದಿರೆಯಲ್ಲಿ ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದ ಕಾಲದಲ್ಲಿ, ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ನಮ್ಮ ಫೋನಿಗೆ ಯಾರು ಕರೆ ಮಾಡಿದರೂ ಕಿವಿಗೆ ಕೀಂಯ್ ಎಂಬ ಕರ್ಕಶ ಸದ್ದು ಬೀಳುತ್ತಿತ್ತು. ಅದು ಮೊಡೆಮ್. ಮಸ್ಕತ್ತಿನಲ್ಲಿದ್ದ ಅಣ್ಣ ತಂದುಕೊಟ್ಟದ್ದು. ಅದನ್ನು ಕಂಪ್ಯೂಟರಿಗೂ ಫೋನಿಗೂ ಸಿಕ್ಕಿಸಿ ನಾನೊಂದು ಬುಲೆಟಿನ್ ಬೋರ್ಡ್ ಶುರು ಮಾಡಿದ್ದೆ. ದೂರದವರು ತಮ್ಮ ಕಂಪ್ಯೂಟರಿನಿಂದ ನನ್ನ ಕಂಪ್ಯೂಟರಿಗೆ ಡಯಲ್ ಮಾಡಿ, ಉಳಿದವರು ಬರೆದಿಟ್ಟದ್ದನ್ನು ಓದಿ, ತಮ್ಮದನ್ನೂ ಬರೆದು, ಲೈನ್ ಬಿಟ್ಟುಕೊಡಬೇಕು. ಒಬ್ಬರು ಒಳಗಿದ್ದರೆ ಇನ್ನೊಬ್ಬರು ಹೊರಗೆ. ಅಕ್ಷರ ಇಂಗ್ಲಿಷಿನದು, ಭಾಷೆ ಕನ್ನಡ, ಕೋಪ ಬಂದರೆ ತುಳು.

ಒಟ್ಟು ಎಂಟು ಜನ ಇದ್ದೆವು. ಹೆಸರಿಲ್ಲ, ನಂಬರು ಮಾತ್ರ. ನಾನು ಒಂದು. ಉಜಿರೆಯ ಒಬ್ಬ ಉಪನ್ಯಾಸಕರು ಎರಡು. ಮೆಲ್ಕಾರಿನಲ್ಲಿ ಮೆಡಿಕಲ್ ಶಾಪ್ ಇಟ್ಟವರು ಮೂರು. ನಾಲ್ಕನೆಯವರು ಬೆಳ್ತಂಗಡಿಯಲ್ಲಿ ಪ್ರಿಂಟಿಂಗ್ ಪ್ರೆಸ್ ನಡೆಸುವವರು, ಮಹಾ ಜಗಳಗಂಟರು. ‘ಳ’ ಇದ್ದಲ್ಲಿ ದೊಡ್ಡ ಎಲ್ ಹಾಕಲೇಬೇಕು ಎಂದು ಅವರ ಹಟ. ಯಾರಾದರೂ ಮರೆತರೆ ಮರುದಿನ ಬೆಳಿಗ್ಗೆ ಅವರ ತಿದ್ದುಪಡಿ ಸಿದ್ಧ.

ಒಮ್ಮೆ ಅವರ ಬರಹದ ನಡುನಡುವೆ ಕಸದಂಥ ಅಕ್ಷರಗಳು ಬರತೊಡಗಿದವು. ಲೈನಿನಲ್ಲಿ ಏನೋ ದೋಷ. ವಿಚಾರಿಸೋಣವೆಂದು ಮೂರು ದಿನ ಮಧ್ಯಾಹ್ನ ಅವರಿಗೆ ಫೋನ್ ಮಾಡಿದೆ. ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಬೆಳಿಗ್ಗೆ ನೋಡಿದರೆ ಆಸಾಮಿ ಬೋರ್ಡಿನಲ್ಲಿ ಹಾಜರು. ಸಿಟ್ಟು ಬಂದು ಎಲ್ಲರೆದುರೇ ಬರೆದೆ: “ನಾಲ್ಕನೇ ನಂಬರಿನವರಿಗೆ ಫೋನೆತ್ತಲು ಅಷ್ಟು ಭಾರವೇ?” ಮರುದಿನ ಉತ್ತರ ಬಂತು: “ಪ್ರೆಸ್ಸು ಬಸ್ ಸ್ಟ್ಯಾಂಡಿನ ಹಿಂದೆಯೇ ಉಂಟು. ಬಂದು ನೀವೇ ಎತ್ತಿ.”

ಆ ಭಾನುವಾರವೇ ಬಸ್ಸು ಹತ್ತಿದೆ. ಪ್ರೆಸ್ಸಿನಲ್ಲಿ ಒಬ್ಬರು ಬಾಗಿಲಿಗೆ ಬೆನ್ನು ಹಾಕಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ನಮಸ್ಕಾರ ಎಂದೆ. ತಿರುಗಲಿಲ್ಲ. ಇನ್ನಷ್ಟು ಜೋರಾಗಿ ಹೇಳಿದೆ. ಒಳಗಿನಿಂದ ಅವರ ಹೆಂಡತಿ ಬಂದರು.

“ಅವರಿಗೆ ಕೇಳುವುದಿಲ್ಲ. ಸಣ್ಣದಿರುವಾಗ ಜ್ವರ ಬಂದು ಹೋದದ್ದು. ಎದುರು ಹೋಗಿ ನಿಲ್ಲಿ.”

ನಾನು ತಲೆ ತಗ್ಗಿಸಿದೆ. “ಮತ್ತೆ ಈ ಫೋನು?”

“ಗಿರಾಕಿಗಳಿಗೆ ಅಂತ ಹಾಕಿಸಿದ್ದು. ಎತ್ತುವುದು ನಾನು. ನಾನಿಲ್ಲದಿದ್ದರೆ ಅದು ಬಡಿದುಕೊಳ್ತಾ ಇರ್ತದೆ ಅಷ್ಟೆ.”

ಎದುರು ಹೋಗಿ ನಿಂತು ಒಂದು ಬೆರಳು ತೋರಿಸಿದೆ. ಅವರ ಕಣ್ಣು ಅಗಲವಾಯಿತು. ಮದುವೆ ಕಾಗದದ ಪ್ರೂಫಿನ ಹಿಂಬದಿಯಲ್ಲಿ ಬರೆದರು: “ನೀವಾ ಒಂದನೇ ನಂಬರು? ನಾನು ಯಾರೋ ಜೋರಿನ ಗಂಡಸು ಅಂತ ತಿಳಿದಿದ್ದೆ!” ನಾವಿಬ್ಬರೂ ನಕ್ಕ ಜೋರಿಗೆ, ಕಾಫಿ ತರುತ್ತಿದ್ದ ಅವರ ಹೆಂಡತಿ ಅದನ್ನು ಚೆಲ್ಲಿಕೊಂಡರು. ಕಿವಿ ಕೇಳದ ವಿಷಯ ಯಾಕೆ ಹೇಳಲಿಲ್ಲ ಎಂದು ಬರೆದು ಕೇಳಿದೆ. “ಬೋರ್ಡಿನಲ್ಲಿ ಅದು ಯಾರಿಗೆ ಬೇಕು? ಅದಕ್ಕೇ ಅಲ್ಲಿಗೆ ಬರುತ್ತೇನೆ” ಎಂದು ಬರೆದರು. ಕಿಟಕಿಯ ಹತ್ತಿರ ಫೋನಿನ ತಂತಿಯ ಜೋಡಣೆ ಹಸಿರು ಕಿಲುಬು ಹಿಡಿದಿತ್ತು. ಕತ್ತರಿಸಿ, ಕೆರೆದು, ಮತ್ತೆ ಸುತ್ತಿದೆವು. ಕಸ ನಿಂತಿತು.

ಆಮೇಲೆ ಇಂಟರ್ನೆಟ್ ಬಂತು. ಮನೆಗಳಿಂದ ಹಳೆಯ ಫೋನುಗಳು ಹೋದವು. ನಾನು ಬೋರ್ಡನ್ನು ಇಂಟರ್ನೆಟ್ಟಿಗೆ ದಾಟಿಸಿದೆ. ಅದೇ ಕಪ್ಪು ಪರದೆ, ಅದೇ ನಂಬರುಗಳು. ಕಳೆದ ವರ್ಷ ಅದು ಓಡುತ್ತಿದ್ದ ಯಂತ್ರ ಕೆಟ್ಟುಹೋಯಿತು. ಉಜಿರೆಯವರು ಫೋನ್ ಮಾಡಿದರು.

“ಎಷ್ಟೂಂತ ರಿಪೇರಿ ಮಾಡ್ತೀರಿ ಮಾರಾಯ್ರೆ? ವಾಟ್ಸಾಪ್ ಗ್ರೂಪ್ ಮಾಡುವ.”

ಸರಿ ಎಂದೆ. ಮೊದಲ ವಾರ ಎಲ್ಲರೂ ಬರೆದರು. ಎರಡನೇ ವಾರಕ್ಕೆ ಬರೆಯುವುದು ನಿಂತು ಧ್ವನಿ ಸಂದೇಶಗಳ ಸಾಲು ಶುರುವಾಯಿತು. ಮೆಲ್ಕಾರಿನವರದು ಒಂದೊಂದೂ ಐದೈದು ನಿಮಿಷ. ನಾನೂ ಅಡುಗೆ ಮಾಡುತ್ತ ಮಾತಾಡಿ ಕಳಿಸುತ್ತಿದ್ದೆ. ಒಂದು ಬೆಳಿಗ್ಗೆ ಬೆಳ್ತಂಗಡಿಯಿಂದ ನನಗೊಬ್ಬಳಿಗೇ ಒಂದು ಸಾಲು ಬಂತು: “ಈ ತ್ರಿಕೋನಗಳಲ್ಲಿ ಎಂತ ಉಂಟು?”

ಪ್ಲೇ ಗುರುತಿನ ತ್ರಿಕೋನ. ಎಷ್ಟು ದಿನ ಅವರು ಅದನ್ನು ನೋಡುತ್ತ ಕುಳಿತಿದ್ದರೋ. ನನಗೆ ನನ್ನ ಮೇಲೇ ಸಿಟ್ಟು ಬಂತು. ಅಂದೇ ಹೊಸದೊಂದು ಪುಟ್ಟ ಕಂಪ್ಯೂಟರ್ ತರಿಸಲು ಹೇಳಿದೆ. ನಾಲ್ಕನೇ ದಿನಕ್ಕೆ ಬೋರ್ಡು ಎದ್ದು ನಿಂತಿತು. ಗ್ರೂಪ್ ಮುಚ್ಚುತ್ತೇನೆ ಎಂದು ತಿಳಿಸಿದಾಗ ತಕರಾರು ಬಂದದ್ದು ಮೆಲ್ಕಾರಿನಿಂದ ಮಾತ್ರ.

“ನನಗೆ ಆ ಸಣ್ಣ ಅಕ್ಷರ ಕಾಣುವುದಿಲ್ಲ ಮಾರಾಯ್ರೆ, ಕಣ್ಣಿನ ಆಪರೇಷನ್ ಆಗಿದೆ.”

“ದೊಡ್ಡದು ಮಾಡಿ ಕೊಡ್ತೇನೆ. ನಾಳೆಯೇ ಬರ್ತೇನೆ.”

ಹೋದೆ. ಮಾತ್ರೆ ಡಬ್ಬಿಗಳ ನಡುವೆ ಕುಳಿತು, ಪರದೆಯಲ್ಲಿ ಎಂಟೇ ಸಾಲು ಹಿಡಿಯುವಷ್ಟು ಅಕ್ಷರ ದೊಡ್ಡದು ಮಾಡಿಕೊಟ್ಟೆ. ಈಗ ಎಲ್ಲರಿಗಿಂತ ಉದ್ದ ಬರೆಯುವವರು ಅವರೇ.

ಹಳೆಯ ನೆನಪಿಗಾಗಿ ಇಟ್ಟುಕೊಂಡಿದ್ದೀರಾ ಎಂದು ಜನ ಕೇಳುತ್ತಾರೆ. ಅಲ್ಲ. ನಾವೆಲ್ಲರೂ ಒಟ್ಟಿಗೆ ಕೂರಬಹುದಾದ ಜಾಗ ನನಗೆ ಗೊತ್ತಿರುವಂತೆ ಅದೊಂದೇ, ಅದಕ್ಕೆ. ಇಂದು ಹನ್ನೆರಡು ಜನ ಇದ್ದೇವೆ. ಈ ವಾರದ ಜಗಳ ಅಳದಂಗಡಿಗೆ ಮೊದಲು ಬಸ್ಸು ಹೋಗುತ್ತಿದ್ದದ್ದು ಯಾವ ದಾರಿಯಲ್ಲಿ ಎಂಬುದು. ನಾಲ್ಕನೇ ನಂಬರಿನವರು ಒಂದು ಕಡೆ, ನಾನು ಇನ್ನೊಂದು ಕಡೆ. ಸರಿ ಇರುವುದು ನಾನೇ.