ಟಿಕಳಿಯ ಕೆಳಗಿನ ಬಿಳುಪು

ಮಲಗುವ ಮುಂಚೆ ಟಿಕಳಿ ತೆಗೆದು ಕನ್ನಡಿಗೆ ಅಂಟಿಸುವುದು, ಬೆಳಿಗ್ಗೆ ಮುಖ ತೊಳೆದು ಅದನ್ನೇ ಕಿತ್ತು ಮತ್ತೆ ಹಣೆಗೆ ಹಚ್ಚುವುದು. ಎಷ್ಟು ವರ್ಷ ಹೀಗೆ ಮಾಡಿದೆನೋ. ಕೇಶ್ವಾಪುರದ ನಮ್ಮ ಮನೆಯ ಬಚ್ಚಲ ಕನ್ನಡಿಯ ಅಂಚಿಗೆ ನನ್ನವು, ಸೊಸೆಯವು ಸಾಲಾಗಿ ಕೂತಿರುತ್ತಿದ್ದವು. ಅಂಟು ಸತ್ತವನ್ನೂ ಯಾರೂ ಬಿಸಾಡುತ್ತಿರಲಿಲ್ಲ. ಮಧ್ಯಾಹ್ನ ಕಿಟಕಿಯ ಬಿಸಿಲು ಅವುಗಳ ಮೇಲೆ ಬಿದ್ದಾಗ ಕನ್ನಡಿಯೊಳಗಿನ ನನ್ನ ಮುಖ ಕೆಂಪು ಚುಕ್ಕಿಗಳ ನಡುವೆ ತೇಲಿದಂತೆ ಕಾಣುತ್ತಿತ್ತು. ಕೆಲಸ ಬಿಟ್ಟು ನೋಡುತ್ತ ನಿಲ್ಲುತ್ತಿದ್ದೆ.

ನಾನು ಚಿಕ್ಕವಳಿದ್ದಾಗ, ಹೆಬ್ಬಳ್ಳಿಯಲ್ಲಿ, ನಮ್ಮ ಅವ್ವ ಹಣೆಗೆ ಮೊದಲು ಮೇಣ ಸವರಿಕೊಂಡು ಅದರ ಮೇಲೆ ಕುಂಕುಮ ಒತ್ತುತ್ತಿದ್ದಳು. ಹೊಲದಲ್ಲಿ ಬೆವತರೆ ಅದು ಮೂಗಿನ ತನಕ ಇಳಿಯುತ್ತಿತ್ತು. ಅಂಟು ಟಿಕಳಿ ಬಂದ ಮೇಲೆ ಆ ರಗಳೆ ಇರಲಿಲ್ಲ. ನನಗೆ ಹಾಯೆನಿಸಿತು.

ಕನ್ನಡಿಯ ಮುಂದೆ ನಿಂತ ಅಂಥ ಒಂದು ಮಧ್ಯಾಹ್ನವೇ ಟಿಕಳಿ ತೆಗೆದಾಗ ಕೆಳಗೆ ಬಿಳುಪು ಕಂಡಿತು. ವಿಭೂತಿ ಇರಬೇಕೆಂದು ಒರೆಸಿದೆ. ಹೋಗಲಿಲ್ಲ. ನೀರು ಹಚ್ಚಿ ತಿಕ್ಕಿದೆ. ಹೋಗಲಿಲ್ಲ. ನೋವಿಲ್ಲ, ತುರಿಕೆಯಿಲ್ಲ. ಹಣೆಗೆ ಸಣ್ಣ ತೂತು ಬಿದ್ದು ಆಚೆಯ ಬೆಳಕು ಕಂಡಂತೆ ಇತ್ತು. ತೊನ್ನು ಎಂದುಕೊಂಡೆ. ಯಾರಿಗೂ ಹೇಳಲಿಲ್ಲ. ಬೆಂಗೇರಿಯ ಸಂತೆಗೆ ಹೋಗಿ ಒಂದು ಅಳತೆ ದೊಡ್ಡ ಟಿಕಳಿ ತಂದು ಅದರ ಮೇಲೆ ಹಚ್ಚಿದೆ. ಬಿಳುಪು ಅಷ್ಟಕ್ಕೂ ಹಬ್ಬಿತು. ಮತ್ತೆ ಹೋಗಿ ಅದಕ್ಕಿಂತ ದೊಡ್ಡದು ತಂದೆ.

ಬಳೆ, ಟಿಕಳಿ ಮಾರುವವನು ನಕ್ಕ. "ಅವ್ವಾರ, ಬಂದಾಗೊಮ್ಮೆ ದೊಡ್ಡದು ಕೇಳ್ತೀರಿ. ಮುಂದಿನ ಸಲ ತಾಟು ತಂದಿಡ್ಲೇನ್ರಿ?"

"ತಂದಿಡೊ ತಮ್ಮಾ. ಹಣಿಗೂ ಆತು, ಊಟಕ್ಕೂ ಆತು."

ಆಗ ನನ್ನ ಗಂಡ ಎದೆನೋವಿನಿಂದ ದವಾಖಾನೆಗೆ ಹೋಗಿ ಮನೆಗೆ ಬಂದಿದ್ದರು. ದಿನಾ ಸ್ವಲ್ಪ ನಡೆಯಬೇಕು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಇವರು ಮಂಚ ಬಿಟ್ಟು ಇಳಿಯಲಿಲ್ಲ. ನಡೆದರೆ ಎದೆ ನಿಂತುಬಿಡುತ್ತದೆ ಎಂಬ ಹೆದರಿಕೆ. ಬಿದ್ದಲ್ಲಿಂದಲೇ ನನ್ನ ಹಣೆ ನೋಡುತ್ತಿದ್ದರು.

"ಮಂದಿ ದೇವರಿಗೆ ಹರಕಿ ಹೊರ್ತಾರ," ಎಂದರು ಒಂದು ದಿನ. "ನೀ ನನ್ನ ಸಲುವಾಗಿ ಟಿಕಳಿ ದೊಡ್ಡದು ಮಾಡ್ಕೊಂಡಿ. ಗೊತ್ತಾಗತೈತಿ ನನಗ."

ಆ ಹೊತ್ತು ಒಂದು ರೊಟ್ಟಿ ಜಾಸ್ತಿ ತಿಂದರು. ತಿನ್ನಲಿ ಎಂದು ನಾನು ಸುಮ್ಮನಿದ್ದೆ.

ಒಲೆಯ ಮುಂದೆ ಬೆವತು ಒಮ್ಮೆ ಟಿಕಳಿ ಜಾರಿ ಬಡಿಯುತ್ತಿದ್ದ ರೊಟ್ಟಿಯ ಮೇಲೆ ಬಿತ್ತು. ಸೊಸೆ ನಗಲಿಕ್ಕೆ ಶುರು ಮಾಡಿದಳು. "ಅತ್ತಿ, ರೊಟ್ಟಿಗೂ ಮುತ್ತೈದಿತನಾ ಕೊಟ್ರೇನ್ರಿ?" ತಲೆಯೆತ್ತಿ ನನ್ನ ಹಣೆ ನೋಡಿದವಳು ನಗು ನಿಲ್ಲಿಸಿದಳು. "ಯಾವಾಗಿಂದ್ರೀ ಇದು?"

ಮರುದಿನವೇ ಚರ್ಮದ ಡಾಕ್ಟರ ಹತ್ತಿರ ಕರೆದೊಯ್ದಳು. ಡಾಕ್ಟರು ಇನ್ನೂ ಹುಡುಗಿ. ಕೋಣೆ ಕತ್ತಲೆ ಮಾಡಿ ಒಂದು ನೀಲಿ ದೀಪ ಹಿಡಿದಳು. ಕತ್ತಲೆಯಲ್ಲಿ ನನ್ನ ಹಣೆ ಮಾತ್ರ ಬೆಳಗುತ್ತಿದೆ ಎಂದು ಸೊಸೆ ಮೆಲ್ಲಗೆ ಹೇಳಿದಳು. ಕೆರೆಯ ತಳದಲ್ಲಿ ಕೂತಂತೆ ಅನಿಸಿತು ನನಗೆ, ಹೆದರಿಕೆಯೂ ಆಗಲಿಲ್ಲ.

ಕೋಣೆಯ ದೀಪ ಹಾಕಿ ಡಾಕ್ಟರು ಹೇಳಿದಳು, "ಅಜ್ಜಿ, ಈ ಬಿಳಿ ಕಲಿ ಟಿಕಳಿ ಹಾಂಗ ದುಂಡಗ ಐತಿ ನೋಡ್ರಿ. ಮೈಮ್ಯಾಗ ಮತ್ತೆಲ್ಲೂ ಇಲ್ಲ. ಇದು ಟಿಕಳಿ ಅಂಟಿನಾಗಿನ ಕೆಮಿಕಲ್ ಮಾಡಿದ್ದು."

ಅದಕ್ಕೊಂದು ಉದ್ದನೆಯ ಹೆಸರು ಹೇಳಿದಳು. ಕೊನೆಗೆ ಫಿನಾಲ್ ಅಂತ ಬರುತ್ತದೆ, ಅಷ್ಟು ನೆನಪಿದೆ. ಅಂಟು ಗಟ್ಟಿ ಹಿಡಿಯಲಿ ಎಂದು ಹಾಕುತ್ತಾರಂತೆ. ಚರ್ಮಕ್ಕೆ ಬಣ್ಣ ಕೊಡುವ ಕಣಗಳನ್ನು ಅದು ಕೊಲ್ಲುತ್ತದಂತೆ. ಎಲ್ಲರಿಗೂ ಹೀಗಾಗುವುದಿಲ್ಲವಂತೆ.

"ಚಪ್ಪಲಿ ಅಂಟಸೋ ಗೋಂದಿನಾಗೂ ಇರತೈತ್ರಿ ಅದು."

"ಅಂದ್ರ ಇಷ್ಟು ವರ್ಷ ಹಣಿಗೆ ಚಪ್ಪಲಿ ಹಚಗೊಂಡು ತಿರುಗೇನೇನು?"

ಸೊಸೆ ಬ್ಯಾಗಿನಿಂದ ಟಿಕಳಿ ಪಾಕೀಟು ತೆಗೆದು ಕೊಟ್ಟಳು. ಡಾಕ್ಟರು ತಿರುಗಿಸಿ ನೋಡಿದಳು. ಹೂವಿನ ಚಿತ್ರ ಇತ್ತು, ಬೆಲೆ ಇತ್ತು. ಅಂಟಿನಲ್ಲಿ ಏನಿದೆ ಎಂದು ಒಂದಕ್ಷರ ಇರಲಿಲ್ಲ.

"ಯಾವುದರಾಗ ಐತಿ, ಯಾವುದರಾಗ ಇಲ್ಲ, ಹೊರಗಿಂದ ತಿಳಿಯಂಗಿಲ್ರಿ. ಎಲ್ಲಾನೂ ಬಿಟ್ಟುಬಿಡ್ರಿ. ಬಿಡಲಿಲ್ಲಂದ್ರ ಮುಖಕ್ಕ ಹರಡಬಹುದು. ಸದ್ಯಕ್ಕ ಕುಂಕುಮಾನೂ ಬ್ಯಾಡ. ಮುಲಾಮು ಬಿಟ್ರ ಹಣಿಗೆ ಏನೂ ಹಚ್ಚಬ್ಯಾಡ್ರಿ."

ಆಟೋದಲ್ಲಿ ಸೊಸೆ ಮುಲಾಮಿನ ಚೀಟಿ ಮಡಿಚಿ ಬ್ಯಾಗಿಗೆ ಹಾಕಿದಳು. ಆಮೇಲೆ, "ಮಾವಾರಿಗೆ ಏನು ಹೇಳೂದ್ರಿ?" ಎಂದಳು.

ನಾನು ಅವರಿಗೆ ಇದ್ದದ್ದನ್ನೇ ಹೇಳಿದೆ. ದಾರಿಗೆಂದು ಮತ್ತೆ ಹಚ್ಚಿಕೊಂಡಿದ್ದ ಟಿಕಳಿಯನ್ನು ಮನೆಗೆ ಬಂದು ಮಂಚದ ಮುಂದೆ ನಿಂತು ಕಿತ್ತೆ. "ಇದು ಹರಕಿ ಅಲ್ಲ. ಬಿಳಿ ಕಲಿ ಮುಚ್ಚಾಕ ಹಚ್ಚಿದ್ದೆ. ಇನ್ನ ಹಚ್ಚಂಗಿಲ್ಲ."

ಅವರು ನೋಡಿದರು. "ನನ್ನ ಸಲುವಾಗಿ ಅಲ್ಲೇನು?"

"ಅಲ್ಲ."

"ನಾ ಇನ್ನೂ ಅದೀನಿ. ಬರೇ ಹಣಿ ಇಟಗೊಂಡು ನನ್ನ ಮುಂದ ಅಡ್ಡಾಡ್ತಿ?"

"ಇದ್ರ ಎದ್ದು ಮಂದಿಗೆ ಕಾಣ್ರಿ. ನನ್ನ ಹಣಿ ನೋಡಿ ತಿಳಕೋಬೇಕೇನು ಅವರು?"

ಗೋಡೆಗೆ ಮುಖ ಮಾಡಿ ಮಲಗಿದರು. ಮಾತು ಬಿಟ್ಟರು, ಊಟ ಬಿಡಲಿಲ್ಲ.

ಆ ದಿನಗಳ ಮಧ್ಯಾಹ್ನಗಳು ಬೇರೆ ಥರ ಇದ್ದವು. ಫ್ಯಾನಿನ ಗಾಳಿ ಹಣೆಗೆ ತಾಗಿದರೆ ಯಾರೋ ಊದಿದಂತೆ ತಂಪು. ಅರೆನಿದ್ದೆಯಲ್ಲಿ ಜೋಳದ ಹೊಲ ಕಾಣುತ್ತಿತ್ತು. ದಂಟಿನ ನಡುವೆ ಹೆಂಗಸರು ನಡೆಯುತ್ತಿದ್ದರು, ಅವ್ವನೂ ಇದ್ದಳು. ಯಾರ ಹಣೆಯ ಮೇಲೂ ಏನೂ ಇರಲಿಲ್ಲ. ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಬಿಸಿಲಿಗೆ ಎಲ್ಲರ ಮುಖವೂ ಒಂದೇ ಥರ ಹೊಳೆಯುತ್ತಿತ್ತು. ಎಚ್ಚರಾದರೆ ಇವರ ಬೆನ್ನು ಕಾಣುತ್ತಿತ್ತು.

ಒಂದು ಬೆಳಿಗ್ಗೆ ಓಣಿಗೆ ಕಾಯಿಪಲ್ಲೆ ಮಾರುವವಳು ಬಂದಳು. ನನ್ನ ಹಣೆ ನೋಡಿದವಳೇ ಬುಟ್ಟಿ ಇಳಿಸಿ ಎದೆ ಮೇಲೆ ಕೈ ಇಟ್ಟುಕೊಂಡಳು.

"ಅಯ್ಯ ಶಿವನ! ಅಜ್ಜಾರು ಯಾವಾಗ ಹ್ವಾದ್ರಬೇ?"

ನಾನು ಬಾಯಿ ತೆರೆಯುವುದರೊಳಗೆ ಒಳಗಿಂದ ದನಿ ಬಂತು. "ಎಲ್ಲಿ ಹೋಗಲಿ? ಇಲ್ಲೇ ಅದೀನಿ!"

ಗೋಡೆ ಹಿಡಿದುಕೊಂಡು ಬಾಗಿಲ ತನಕ ಬಂದರು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಇವರು ನಗಲಿಲ್ಲ. ಮೆಂತ್ಯ ಪಲ್ಲೆಯ ಸೂಡು ಎತ್ತಿ, ಬಾಡಿದೆ ಎಂದು ಜಗಳ ತೆಗೆದರು.

ಮರುದಿನದಿಂದ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಆಮೇಲೆ ಓಣಿಯ ತುದಿಯ ತನಕ ನನ್ನ ಜೊತೆ ಬಂದರು. ಈಗ ಸಂಜೆ ದಿನಾ ಅಂಗಡಿಗಳ ಕಡೆಗೆ ಹೋಗಿ ಬರುತ್ತೇವೆ. ಎದೆ ನಿಂತಿಲ್ಲ. ನಾನು ಒಬ್ಬಳೇ ಚಪ್ಪಲಿ ಮೆಟ್ಟಿದರೆ ಒಳಗಿಂದ ಕೂಗುತ್ತಾರೆ, "ತಡಿ, ಬಂದೆ. ನೀ ಒಬ್ಬಾಕಿನ ಹ್ವಾದ್ರ ಮಂದಿ ಏನು ತಿಳೀತಾರ?"

ಬಿಳುಪಿನ ಅಂಚಿಗೆ ಕಂದು ಚುಕ್ಕಿಗಳು ಬಂದಿವೆ. ನಡುವೆ ಇನ್ನೂ ಹಾಗೇ ಇದೆ. ಪೂರ್ತಿ ತುಂಬುತ್ತದೋ ಇಲ್ಲವೋ ಡಾಕ್ಟರಿಗೂ ಗೊತ್ತಿಲ್ಲ. ಸಂಜೆಯ ಧೂಳು ಕೆಂಪಗೆ ತೇಲುವಾಗ ನಾವು ನಡೆಯುತ್ತೇವೆ. ಪರಿಚಯದವರು ಎದುರು ಬಂದರೆ, ಅವರು ನನ್ನ ಹಣೆ ನೋಡುವ ಮೊದಲೇ ಇವರು ಸರಸರ ಮುಂದೆ ಹೋಗಿ, "ಹ್ಯಾಂಗದೀರಿ?" ಎಂದು ಗಟ್ಟಿಯಾಗಿ ಕೇಳುತ್ತಾರೆ. ದಮ್ಮು ಹತ್ತಿ ಕೆಮ್ಮುತ್ತಾರೆ. ಕೆಮ್ಮು ನಿಲ್ಲುವ ತನಕ ನಾನು ನಿಂತಿರುತ್ತೇನೆ.